ಓಬರ್ಲಿನ್ ಬೋಧಕರು: ಬಯಲನ್ನು ಶಾಲೆಯಾಗಿ ಮಾಡಿದ ದೇವಸೇವಕರ ಚರಿತ್ರೆ



ಮಳೆ ಬಿದ್ದು ರಾಗಿಯ ಹೊಲಗಳಲ್ಲಿ ಕಳೆ ಕೀಳುವ ಕಾಲ ಬಂದಿತೆಂದರೆ, ಕಳವಾರವೇ ಮೊದಲಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳ ಹಳ್ಳಿಗಳಲ್ಲಿ ತಂದೆತಾಯಿಗಳು ಹೊತ್ತಿಗೆ ಮುಂಚೆಯೇ ಮನೆಬಿಟ್ಟು ಹೊರಡುವರು. ರೇಷ್ಮೆಹುಳುಗಳನ್ನು ಸಾಕಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಮನೆಗಳಲ್ಲಿಯೂ ಹೀಗೆಯೇ. ದೊಡ್ಡ ಮಕ್ಕಳು ಶಾಲೆಗೆ ಹೋಗುವರು. ಆದರೆ ಮೂರು ನಾಲ್ಕು ವರುಷದ ಕೂಸುಗಳ ಗತಿಯೇನು? ಹಿಂದಿನ ಕಾಲದಲ್ಲಿ ಅಜ್ಜಿಯ ಮಡಿಲಿಗೋ, ತಾನೇ ಇನ್ನೂ ಕೂಸಾಗಿರುವ ಅಕ್ಕನ ಸೊಂಟಕ್ಕೋ ಅವುಗಳನ್ನು ಒಪ್ಪಿಸಿ ಹೋಗುತ್ತಿದ್ದರು. ಅದೂ ಇಲ್ಲದಿದ್ದರೆ ಬೀದಿಯ ಧೂಳೇ ಅವುಗಳಿಗೆ ದಿಕ್ಕು. ಈಗ ಊರೂರಿಗೆ ಅಂಗನವಾಡಿ ಉಂಟು. ಆದರೂ ಚಿಕ್ಕ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗುವದು ಕಾಲಹರಣವೆಂದೂ, ಆಟವು ಪಾಠಕ್ಕೆ ಶತ್ರುವೆಂದೂ ಎಣಿಸುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರು ಕೇಳಬೇಕಾದ ಚರಿತ್ರೆಯೊಂದುಂಟು. ಅದು ಯೂರೋಪಿನ ಬೆಟ್ಟಸೀಮೆಯ ಒಬ್ಬ ಹಳ್ಳಿಯ ಬೋಧಕರದೂ, ಅವರಿಗೆ ಕೈಗೂಡಿಸಿದ ಕೆಲವು ಬಡ ಒಕ್ಕಲಿನ ಹೆಣ್ಣುಮಕ್ಕಳದೂ ಆಗಿದೆ.

1834ರಲ್ಲಿ ಮಂಗಳೂರಿಗೆ ಬಂದ ಮಿಶನೆರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣದ ಹೆಸರು ನಮ್ಮ ಸಭೆಗಳವರಿಗೆ ತಿಳಿಯದ್ದಲ್ಲ. ಅದು ರೈನ್ ನದಿಯ ತೀರದಲ್ಲಿದೆ. ಅದೇ ನದಿಯ ಜಾಡಿನಲ್ಲಿ ಕೆಳಗಿಳಿದು ಹೋದರೆ ಆಲ್ಸಾಸ್ ಸೀಮೆಯ ಸ್ಟ್ರಾಸ್‌ಬರ್ಗ್ ಪಟ್ಟಣವು ಸಿಕ್ಕುವದು. ಅಲ್ಲಿ 1740ನೆಯ ಇಸವಿ ಆಗಸ್ಟ್ 31ರಲ್ಲಿ ಯೋಹಾನ್ ಫ್ರೀಡ್ರಿಕ್ ಓಬರ್ಲಿನರು ಹುಟ್ಟಿದರು. ಅವರ ತಂದೆಯು ಆ ಪಟ್ಟಣದ ದೊಡ್ಡ ಶಾಲೆಯಲ್ಲಿ ಉಪಾಧ್ಯಾಯರು. ಮನೆಯ ತುಂಬ ಮಕ್ಕಳು, ಸಂಬಳವೋ ಅಲ್ಪ. ಆದರೂ ಆ ತಂದೆಯು ಮಕ್ಕಳ ಸಂತೋಷಕ್ಕೆ ಕೊರತೆಮಾಡಿದವರಲ್ಲ. ಬೇಸಿಗೆಯಲ್ಲಿ ಪಟ್ಟಣದ ಹತ್ತಿರವಿರುವ ಶಿಲ್ಟಿಗ್‌ಹೈಮ್ ಎಂಬ ಹಳ್ಳಿಯ ತಮ್ಮ ಹಿರಿಯರ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದು ಹಳೆಯ ಡೋಲನ್ನು ಕೊರಳಿಗೆ ಹಾಕಿಕೊಂಡು, ಏಳು ಮಂದಿ ಗಂಡುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಡೋಲು ಬಾರಿಸುತ್ತಾ ಸಿಪಾಯಿಗಳಂತೆ ನಡಿಸಿ, ತಿರುಗಿಸಿ, ಓಡಿಸಿ ಆಡಿಸುತ್ತಿದ್ದರು. ಬಯಲಿನಲ್ಲಿ ತಂದೆಯೊಂದಿಗೆ ಆಡಿದ ಆ ಆಟದಿಂದ ಮಕ್ಕಳಿಗೆ ಮೈಬಲವೂ ಬಂತು. ಹೇಳಿದ ಮಾತಿಗೆ ಒಡನೆ ಕಿವಿಗೊಡುವ ಅಭ್ಯಾಸವೂ ಬಂತು. ಹುಡುಗರಾದ ಓಬರ್ಲಿನರಿಗೆ ಸಿಪಾಯಿಯಾಗಬೇಕೆಂಬ ಆಶೆಯೂ ಆಗ ಹುಟ್ಟಿತಂತೆ. ಆದರೆ ದೇವರು ಅವರನ್ನು ಬೇರೆ ದಂಡಿಗೆ ಕರೆದನು.

ಅವರು ದೇವಶಾಸ್ತ್ರವನ್ನು ಓದಿ ಮುಗಿಸಿ, ಒಂದು ದಂಡಿನ ಬೋಧಕರಾಗಿ ಹೋಗುವದಕ್ಕೆ ಸಿದ್ಧವಾಗುತ್ತಿದ್ದಾಗ, ಸ್ಟೂಬರ್ ಎಂಬ ಹಿರಿಯ ಬೋಧಕರೊಬ್ಬರು ಅವರನ್ನು ಹುಡುಕಿಕೊಂಡು ಬಂದರು. ಮಾಡಿನ ಕೆಳಗಿನ ಒಂದು ಸಣ್ಣ ಕೋಣೆ. ಮಂಚಕ್ಕೆ ಕಾಗದದ ತೆರೆ. ರಾತ್ರಿಯ ಊಟಕ್ಕೋಸ್ಕರ ದೀಪದ ಮೇಲೆ ತೂಗುಹಾಕಿದ ಒಂದು ಪುಟ್ಟ ಪಾತ್ರೆಯಲ್ಲಿ ನೀರೂ ರೊಟ್ಟಿಯ ತುಂಡೂ. ಇದನ್ನೆಲ್ಲ ನೋಡಿದ ಸ್ಟೂಬರರಿಗೆ, ತಾವು ಹುಡುಕುತ್ತಿದ್ದ ಮನುಷ್ಯನು ಇವನೇ ಎಂದು ಮನಸ್ಸಿಗೆ ತೋಚಿತು. ತಾವು ಬಿಟ್ಟುಹೋಗಬೇಕಾಗಿದ್ದ ಬೆಟ್ಟಸೀಮೆಯ ಬಡಸಭೆಗೆ ಬರಬೇಕೆಂದು ಅವರು ಬೇಡಿಕೊಂಡರು. ಹೀಗೆ 1767ರಲ್ಲಿ, ಇಪ್ಪತ್ತಾರು ವರುಷದ ಪ್ರಾಯದಲ್ಲಿ, ಓಬರ್ಲಿನರು ವಾಲ್ಡರ್ಸ್‌ಬಾಖ್ ಎಂಬ ಹಳ್ಳಿಗೆ ಬಂದು ಇಳಿದರು. ಆ ಮೇಲೆ ಐವತ್ತೊಂಭತ್ತು ವರುಷ, ಸಾಯುವ ತನಕ, ಅವರು ಆ ಸಭೆಯನ್ನು ಬಿಡಲಿಲ್ಲ.

ಆ ಸೀಮೆಯ ಜರ್ಮನ್ ಹೆಸರಿಗೆ ಕಲ್ಲುಕಣಿವೆ ಎಂದು ಅರ್ಥ. ಹೆಸರಿಗೆ ತಕ್ಕ ನೆಲ. ವೋಜ್ ಬೆಟ್ಟಗಳ ಇಳಿಜಾರಿನಲ್ಲಿ ಐದು ಹಳ್ಳಿಗಳು. ಮಣ್ಣು ತೆಳುವು, ಚಳಿಗಾಲ ದೀರ್ಘ, ಹಿಮವು ಬಿದ್ದರೆ ಹಳ್ಳಿಯಿಂದ ಹಳ್ಳಿಗೆ ದಾರಿಯೇ ಕಾಣದು. ಹಿಂದಿನ ಯುದ್ಧಗಳಿಂದ ಜನರು ಹಾಳಾಗಿ, ಹೊರಗಿನ ಲೋಕದ ಸಂಪರ್ಕವಿಲ್ಲದೆ ಬದುಕುತ್ತಿದ್ದರು. ಶಾಲೆಯೆಂಬದು ಹೆಸರಿಗೆ ಮಾತ್ರವೇ. ಸ್ಟೂಬರರು 1750ರಲ್ಲಿ ಆ ಸೀಮೆಗೆ ಮೊದಲು ಬಂದಾಗ ಶಾಲೆಯನ್ನು ನೋಡಲು ಹೋದರೆ, ಒಂದು ಗುಡಿಸಲಿನಲ್ಲಿ ಮಕ್ಕಳು ಗದ್ದಲಮಾಡುತ್ತಿದ್ದರು. ಮೂಲೆಯ ಹಾಸಿಗೆಯಲ್ಲಿ ಒಬ್ಬ ಮುದುಕನು ಮಲಗಿದ್ದನು. ವಿಚಾರಿಸಲಾಗಿ ಆ ಮುದುಕನೇ ಉಪಾಧ್ಯಾಯನೆಂದೂ, ತನಗೇ ಏನೂ ಬಾರದ ಕಾರಣ ಏನನ್ನೂ ಕಲಿಸುವದಿಲ್ಲವೆಂದೂ, ಮೊದಲು ಊರ ಹಂದಿಗಳನ್ನು ಕಾಯುತ್ತಿದ್ದು ಮುಪ್ಪಿನಿಂದ ಕೈಲಾಗದೆ ಹೋದಾಗ ಊರವರು ತನ್ನನ್ನು ಮಕ್ಕಳನ್ನು ಕಾಯುವದಕ್ಕೆ ಇಟ್ಟರೆಂದೂ ತಿಳಿಯಬಂತು. ವಾಚಕರು ನಗಬಹುದು. ಆದರೆ ಹಂದಿ ಕಾಯಲು ಗಟ್ಟಿಯಾದ ಆಳು ಬೇಕು, ಮಕ್ಕಳನ್ನು ಕಾಯಲು ಯಾರಾದರೂ ಸಾಕು ಎಂಬ ಎಣಿಕೆಯು ಆ ಕಣಿವೆಯಲ್ಲಿ ಮಾತ್ರವೇ ಇತ್ತೆಂದು ನಾವು ಹೇಳಬಲ್ಲೆವೋ?

ಓಬರ್ಲಿನರು ಬಂದ ಮೇಲೆ ಮಾಡಿದ ಕೆಲಸಗಳಲ್ಲಿ ಹಲವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು. ಸ್ಟ್ರಾಸ್‌ಬರ್ಗಿನ ಹೆದ್ದಾರಿಗೆ ಸೇರುವ ರಸ್ತೆಯನ್ನೂ ಬ್ರೂಶ್ ಹೊಳೆಗೆ ಸೇತುವೆಯನ್ನೂ ಕಟ್ಟೋಣವೆಂದು ಅವರು ಹೇಳಿದಾಗ ಜನರು ಆಗದೆಂದು ಹಿಂಜರಿದರು. ಬೋಧಕರು ವಾದಿಸದೆ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ತಾವೇ ಹೊರಟರು. ಮುಳ್ಳೂ ಬಂಡೆಯೂ ಹೆಚ್ಚಾಗಿದ್ದ ಸ್ಥಳವನ್ನೇ ತಮಗೆಂದು ಆರಿಸಿಕೊಂಡರು. ಅದನ್ನು ಕಂಡು ನಾಚಿದ ಜನರು ಹಿಂದೆ ಬಂದರು. ರಸ್ತೆಯಾಯಿತು, ಸೇತುವೆಯಾಯಿತು. ಹಾಗೆಯೇ ಹಣ್ಣಿನ ಮರಗಳನ್ನು ಬೆಳಿಸುವ ವಿಷಯದಲ್ಲಿ ಅವರು ಉಪದೇಶಮಾಡಲಿಲ್ಲ. ಜನರು ಹಾದುಹೋಗುವ ದಾರಿಯ ಮಗ್ಗುಲಲ್ಲಿದ್ದ ತಮ್ಮ ತೋಟದಲ್ಲಿಯೇ ಗೊಬ್ಬರ ಹಾಕಿ ಸಸಿ ನೆಟ್ಟು ಬೆಳಿಸಿದರು. ಬಂಜರು ನೆಲದಲ್ಲಿ ಹಣ್ಣು ತೂಗುವದನ್ನು ನೋಡಿದ ಒಕ್ಕಲಿಗರು ತಾವಾಗಿ ಬಂದು ಕೇಳಿದರು. ಕಣ್ಣಿಗೆ ತೋರಿಸಿ ಕಲಿಸುವದೇ ಅವರ ರೀತಿ. ಈ ರೀತಿಯನ್ನೇ ಅವರು ಮಕ್ಕಳ ವಿಷಯದಲ್ಲಿಯೂ ಹಿಡಿದರು.

ದೊಡ್ಡ ಮಕ್ಕಳಿಗೆ ಶಾಲೆಯ ಕಟ್ಟಡಗಳು ಒಂದೊಂದಾಗಿ ಎದ್ದವು. ಆದರೆ ಆರು ವರುಷಕ್ಕೆ ಕೆಳಗಿನ ಕೂಸುಗಳು ತಂದೆತಾಯಿಗಳು ದುಡಿಯಲು ಹೋದಾಗ ನೋಡುವವರಿಲ್ಲದೆ ಅಲೆಯುತ್ತಾ, ಕೆಟ್ಟ ಮಾತೂ ಜಗಳವೂ ಕಲಿಯುತ್ತಿದ್ದವು. ಬೆಲ್ಮೋನ್ ಎಂಬ ಹಳ್ಳಿಯಲ್ಲಿ ಸಾರಾ ಬಾನ್ಜೆ ಎಂಬ ಒಕ್ಕಲಿನ ಹುಡುಗಿಯು ಯಾರೂ ಹೇಳದೆ ತಾನಾಗಿಯೇ ಇಂಥ ಮಕ್ಕಳನ್ನು ತನ್ನ ಮನೆಯಲ್ಲಿ ಕೂಡಿಸಿ ನೂಲಿನಿಂದ ಹೆಣಿಗೆ ಹಾಕುವದನ್ನು ಕಲಿಸುತ್ತಿದ್ದಳು. ಮನೆಯ ಕೆಲಸ ಕೆಡುವದೆಂದು ಆಕೆಯ ತಂದೆಗೆ ಅಸಮಾಧಾನ. ಓಬರ್ಲಿನರು ಇದನ್ನು ಕೇಳಿ, ಆ ತಂದೆಯ ಬಳಿಗೆ ಹೋಗಿ ಮಾತಾಡಿ ಒಪ್ಪಿಸಿ, ಆಕೆಯನ್ನು ಅದೇ ಕೆಲಸಕ್ಕೆ ನೇಮಿಸಿದರು. 1770ರ ಹೊತ್ತಿಗೆ ಇಂಥ ಕೂಸುಶಾಲೆಗಳು ನೆಲೆಗೊಂಡವು. ಸಾರಾಳು 1774ರಲ್ಲಿ, ಇನ್ನೂ ಮೂವತ್ತು ತುಂಬುವದಕ್ಕೆ ಮೊದಲೇ ತೀರಿಹೋದಳು. ಆದರೆ ಆಕೆ ಬಿತ್ತಿದ ಬೀಜವು ಸಾಯಲಿಲ್ಲ.

ಈ ಕೂಸುಶಾಲೆಗಳ ಕ್ರಮ ಹೇಗೆಂದರೆ: ಹಳ್ಳಿಯಲ್ಲಿ ಒಂದು ದೊಡ್ಡ ಕೋಣೆಯನ್ನು ಗೊತ್ತುಮಾಡಿ ಇಬ್ಬರು ಹೆಂಗಸರನ್ನು ನಡಿಸುವವರಾಗಿ ಇಡುತ್ತಿದ್ದರು. ಒಬ್ಬಳು ಕೈಕೆಲಸಕ್ಕೆ, ಇನ್ನೊಬ್ಬಳು ಆಟಪಾಠಗಳಿಗೆ. ಚಿಕ್ಕ ಕೂಸುಗಳು ಆಡುತ್ತಿದ್ದವು. ತುಸು ದೊಡ್ಡವು ನೂಲುವದು, ಹೊಲಿಯುವದು, ಹೆಣೆಯುವದು ಇವುಗಳಲ್ಲಿ ಕೈ ಪಳಗಿಸುತ್ತಿದ್ದವು. ಕೈ ಕೆಲಸಮಾಡುತ್ತಿರುವಾಗ ಕಿವಿಗೆ ಕಥೆ. ಸತ್ಯವೇದದ ಚರಿತ್ರೆಗಳ ಪಟಗಳನ್ನೂ, ಮೃಗಪಕ್ಷಿಗಳ ಪಟಗಳನ್ನೂ ತೋರಿಸಿ ಮಾತಾಡಿಸುವರು. ಬೇಸರ ಬಂದೀತೆಂದು ಕಂಡರೆ ಹಾಡು. ಹಾಡು ಸಾಕಾದರೆ ಆಟ. ಮಕ್ಕಳನ್ನು ಹೊತ್ತೆಲ್ಲಾ ಬಾಯಿಮುಚ್ಚಿ ಕೂಡ್ರಿಸುವದು ಅಲ್ಲಿ ಇರಲಿಲ್ಲ.

ಬಿಸಿಲು ಚೆನ್ನಾಗಿ ಬಿದ್ದ ದಿನಗಳಲ್ಲಿಯಾದರೋ ಕೋಣೆಯ ಬಾಗಲು ಮುಚ್ಚಿ, ಬಯಲೇ ಶಾಲೆಯಾಗುತ್ತಿತ್ತು. ನಡಿಸುವವಳು ಮುಂದೆ, ಮಕ್ಕಳು ಹಿಂದೆ. ಬೆಟ್ಟದ ಮಗ್ಗುಲಿಗೆ, ಹುಲ್ಲುಗಾವಲಿಗೆ, ಹೊಳೆಯ ದಡಕ್ಕೆ ಹೋಗುವರು. ಅಲ್ಲಿ ಕಂಡ ಗಿಡ ಬಳ್ಳಿ ಹೂವುಗಳನ್ನು ಕಿತ್ತು ತಂದು, ಇದು ಯಾವದು, ಇದರ ಎಲೆ ಹೇಗಿದೆ, ಇದನ್ನು ತಿನ್ನಬಹುದೋ, ಇದು ಔಷಧಿಗೆ ಬರುವದೋ, ಇದು ವಿಷವೋ ಎಂದು ಗುರುತು ಹಿಡಿಯುವದೇ ಆಟ. ಮನೆಗೆ ಬಂದ ಮೇಲೆ ಅವುಗಳನ್ನು ಕಾಗದದ ನಡುವೆ ಒತ್ತಿ ಒಣಗಿಸುವರು. ದೊಡ್ಡವರು ಚಿತ್ರವನ್ನೂ ಬರೆಯುವರು. ತಮ್ಮ ಬೆಟ್ಟದಲ್ಲಿ ಬೆಳೆಯುವ ಗಿಡಗಳಲ್ಲಿ ಹೆಸರು ತಿಳಿಯದ್ದು ಯಾವದೂ ಇರಬಾರದೆಂಬ ಹುರುಪು ಮಕ್ಕಳಿಗೆ ಹತ್ತಿತು. ಪುಸ್ತಕಕ್ಕೆ ದುಡ್ಡಿಲ್ಲದ ಸೀಮೆಯಲ್ಲಿ ದೇವರ ಕೈಬರಹವನ್ನೇ ಓಬರ್ಲಿನರು ಮೊದಲನೆಯ ಪುಸ್ತಕವಾಗಿ ಮಾಡಿಕೊಟ್ಟರು. ವಿಷದ ಗಿಡವನ್ನು ತಿಳಿದ ಮಗುವು ಅದರಿಂದ ದೂರವಿರುವದು. ತಿನ್ನತಕ್ಕ ಸೊಪ್ಪನ್ನು ತಿಳಿದ ಮಗುವು ಬರಗಾಲದಲ್ಲಿ ಮನೆಯವರಿಗೂ ತೋರಿಸಿಕೊಡುವದು. ಹೀಗೆ ಆಟವೆಂದು ಹೊರಟದ್ದು ಬದುಕಿಗೆ ಬೇಕಾದ ವಿದ್ಯೆಯಾಯಿತು.

ಭೂಗೋಳವನ್ನು ಕಲಿಸುವದರಲ್ಲಿಯೂ ಅವರು ಇದೇ ದಾರಿಯನ್ನು ಹಿಡಿದರು. ದೂರದ ರಾಜ್ಯಗಳ ಹೆಸರುಗಳನ್ನು ಬಾಯಿಪಾಠಮಾಡಿಸದೆ, ಮೊದಲು ಮಕ್ಕಳ ಸ್ವಂತ ಕಣಿವೆಯ ನಕ್ಷೆ. ಅದರಲ್ಲಿ ತಮ್ಮ ಹಳ್ಳಿ, ತಮ್ಮ ಹೊಳೆ, ತಾವು ನಡೆದ ದಾರಿ. ಆ ಮೇಲೆ ಆಲ್ಸಾಸ್ ಸೀಮೆ, ಆ ಮೇಲೆ ಫ್ರಾನ್ಸ್, ಕಡೆಗೆ ಲೋಕವೆಲ್ಲಾ. ಕಾಲಿಗೆ ತಿಳಿದದ್ದು ಮೊದಲು, ಕಣ್ಣಿಗೆ ಕಾಣದ್ದು ಅನಂತರ. ದೊಡ್ಡ ಮಕ್ಕಳಿಗೆ ಕೃಷಿಯನ್ನೂ, ಮರಗಳಿಗೆ ಕಸಿಕಟ್ಟುವದನ್ನೂ ಕಲಿಸಿದರು. ಇದಲ್ಲದೆ ಸಭೆಯಲ್ಲಿ ಸ್ಥಿರೀಕರಣಕ್ಕೆ ಬರುವ ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಎರಡು ಮರಗಳನ್ನು ನೆಟ್ಟಿರಬೇಕೆಂದೂ, ನೆಟ್ಟದ್ದಕ್ಕೆ ಸಾಕ್ಷಿಪತ್ರವನ್ನು ತರಬೇಕೆಂದೂ ಕಟ್ಟಳೆಮಾಡಿದರು. ತಾನು ನೆಟ್ಟ ಮರವು ಬೆಳೆಯುವದನ್ನು ನೋಡುತ್ತಾ ಬೆಳೆದ ಮಗುವು, ತಾನು ಒಬ್ಬನಿಗಾಗಿ ಬಾಳತಕ್ಕವನಲ್ಲ ಎಂಬದನ್ನು ಮರೆಯುವದು ಕಷ್ಟ.

ಈ ಕೆಲಸದ ಭಾರವನ್ನು ಎಲ್ಲರಿಗಿಂತ ಹೆಚ್ಚಾಗಿ ಹೊತ್ತವಳು ಲೂಯೀಸ್ ಶೆಪ್ಲರ್. ಆಕೆಯು 1763ರಲ್ಲಿ ಬೆಲ್‌ಫೋಸ್ ಎಂಬ ಹಳ್ಳಿಯ ಬಡಮನೆಯಲ್ಲಿ ಹುಟ್ಟಿದಳು. ಚಿಕ್ಕ ಪ್ರಾಯದಲ್ಲಿಯೇ ಬೋಧಕರ ಮನೆಗೆ ಕೆಲಸದವಳಾಗಿ ಬಂದು, ಕೂಸುಶಾಲೆಗಳಲ್ಲಿಯೂ ನಡಿಸುವವಳಾದಳು. ಚಳಿಗಾಲದಲ್ಲಿ ಹಿಮವನ್ನು ತುಳಿದುಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗಿ ಮಕ್ಕಳನ್ನು ಕೂಡಿಸುವಳು. 1783ರಲ್ಲಿ ಓಬರ್ಲಿನರ ಪತ್ನಿಯಾದ ಸಲೋಮೆ ಅಮ್ಮನವರು ತೀರಿಹೋದರು. ಏಳು ಮಂದಿ ಮಕ್ಕಳು ತಾಯಿಯಿಲ್ಲದವರಾದರು. ಆಗ ಲೂಯೀಸಳಿಗೆ ಇಪ್ಪತ್ತು ವರುಷವೂ ತುಂಬಿರಲಿಲ್ಲ. ಆಕೆಯು ಆ ಮನೆಯ ಭಾರವನ್ನೂ ತನ್ನ ಮೇಲೆ ತೆಗೆದುಕೊಂಡಳು, ಮದುವೆಯನ್ನು ಒಲ್ಲೆನೆಂದಳು. ಕೆಲವು ವರುಷಗಳಾದ ಮೇಲೆ, ಇನ್ನು ತನಗೆ ಸಂಬಳ ಕೊಡಬಾರದೆಂದೂ, ಮಗಳೆಂದೆಣಿಸಿ ಮನೆಯಲ್ಲಿಟ್ಟುಕೊಳ್ಳಬೇಕೆಂದೂ ಬೋಧಕರಿಗೆ ಕಾಗದ ಬರೆದು ಬೇಡಿಕೊಂಡಳು. ಅಂದಿನಿಂದ ಆಕೆ ಆ ಮನೆಯ ಮಗಳೇ ಆದಳು.

ಹೀಗಿರಲಾಗಿ ಫ್ರಾನ್ಸಿನಲ್ಲಿ ದೊಡ್ಡ ರಾಜ್ಯಕ್ರಾಂತಿಯಾಗಿ, ಸಭಾರಾಧನೆಗೆ ತಡೆಯುಂಟಾಯಿತು. 1794ರಲ್ಲಿ ಓಬರ್ಲಿನರನ್ನೂ ಹಿಡಿದು ಸೆಲೆಸ್ತಾ ಎಂಬ ಪಟ್ಟಣಕ್ಕೆ ಕೊಂಡುಹೋದರು. ಆದರೆ ಬಹುಬೇಗನೆ ರಾಜ್ಯದ ಅಧಿಕಾರವು ಬೇರೆಯವರ ಕೈಸೇರಿ, ಅವರಿಗೆ ಬಿಡುಗಡೆಯಾಯಿತು. ಅವರು ಹಿಂದಕ್ಕೆ ಬಂದು ಮೊದಲಿನಂತೆಯೇ ಕೆಲಸಕ್ಕೆ ಕೈಹಾಕಿದರು. ಮುಂದೆ 1819ರಲ್ಲಿ ಫ್ರಾನ್ಸಿನ ಅರಸನು ಅವರಿಗೆ ಗೌರವದ ಪದಕವನ್ನು ಕೊಟ್ಟನು. ಸೆರೆಯೂ ಪದಕವೂ ಅವರ ದಿನಚರಿಯನ್ನು ಬದಲಾಯಿಸಲಿಲ್ಲ.

ಅವರು ಮಾಡಿದ್ದೆಲ್ಲವನ್ನೂ ನಾವು ಹಾಗೆಯೇ ಅನುಸರಿಸಬೇಕೆಂದು ಹೇಳುವದಿಲ್ಲ. ಮಕ್ಕಳು ಮನೆಯಲ್ಲಿ ಆಡುವ ಗ್ರಾಮ್ಯಭಾಷೆಯನ್ನು ಬಿಡಿಸಿ ಶುದ್ಧವಾದ ಫ್ರೆಂಚ್ ಭಾಷೆಯನ್ನು ರೂಢಿಸಬೇಕೆಂಬದು ಆ ಶಾಲೆಗಳ ಒಂದು ಉದ್ದೇಶವಾಗಿತ್ತು. ಹೊರಗಿನ ಲೋಕದ ಬಾಗಲು ಅದರಿಂದಲೇ ತೆರೆಯುವದೆಂದು ಓಬರ್ಲಿನರು ನಂಬಿದರು. ಈಗಿನ ಶಿಕ್ಷಣಜ್ಞರಾದರೋ ಚಿಕ್ಕ ಮಗುವಿಗೆ ತಾಯಿಯ ಮಾತಿನಲ್ಲಿಯೇ ಮೊದಲು ಕಲಿಸಿ, ಆ ಮೇಲೆ ಬೇರೆ ಭಾಷೆಗೆ ಕೈಹಿಡಿದು ನಡಿಸಬೇಕೆನ್ನುವರು. ಮನೆಯಲ್ಲಿ ತೆಲುಗೂ ಬೀದಿಯಲ್ಲಿ ಕನ್ನಡವೂ ಆಡುವ ನಮ್ಮ ಸೀಮೆಯ ಮಕ್ಕಳ ವಿಷಯದಲ್ಲಿ ಇದನ್ನು ನೆನಪಿನಲ್ಲಿಡುವದು ಒಳ್ಳೇದು. ಗಿಡದ ಹೆಸರನ್ನು ಅಜ್ಜಿ ಹೇಳುವ ಮಾತಿನಲ್ಲಿಯೇ ಮಗುವು ಮೊದಲು ಕಲಿಯಲಿ.

1826ನೆಯ ಇಸವಿ ಜೂನ್ 1ರಲ್ಲಿ, ಎಂಭತ್ತೈದು ವರುಷದವರಾಗಿ ಓಬರ್ಲಿನರು ಕರ್ತನಲ್ಲಿ ನಿದ್ರೆಹೋದರು. ಫೂದೇ ಎಂಬ ಹಳ್ಳಿಯ ದೇವಾಲಯದ ಅಂಗಳದಲ್ಲಿ ಸಮಾಧಿ. ಶವಯಾತ್ರೆಯ ಮುಂದಿನವರು ಫೂದೇಯನ್ನು ಮುಟ್ಟಿದಾಗ ಕಡೆಯವರು ಇನ್ನೂ ವಾಲ್ಡರ್ಸ್‌ಬಾಖನ್ನು ಬಿಟ್ಟಿರಲಿಲ್ಲವಂತೆ, ಅಷ್ಟು ಜನ. ಕೂಸುಶಾಲೆಗಳಲ್ಲಿ ಹೂವು ಕೀಳುತ್ತಾ ಬೆಳೆದ ಎಷ್ಟೋ ಮಂದಿ ಆ ಸಾಲಿನಲ್ಲಿ ತಮ್ಮ ಮಕ್ಕಳ ಕೈಹಿಡಿದು ನಡೆದಿರಬೇಕು.

ಮೂರು ವರುಷಗಳ ತರುವಾಯ, 1829ರಲ್ಲಿ, ಪಾರಿಸಿನ ಫ್ರೆಂಚ್ ವಿದ್ವತ್ಸಭೆಯು ಲೂಯೀಸ್ ಶೆಪ್ಲರಳಿಗೆ ಸದ್ಗುಣದ ಬಹುಮಾನವಾಗಿ 5000 ಫ್ರಾಂಕುಗಳನ್ನು ಕೊಟ್ಟಿತು. ಆಕೆಯ ಕೆಲಸವನ್ನು ಸಭೆಯ ಮುಂದೆ ವಿವರಿಸಿದವರು ಪ್ರಾಣಿಶಾಸ್ತ್ರದಲ್ಲಿ ಲೋಕಪ್ರಸಿದ್ಧರಾದ ಕ್ಯೂವಿಯೆ ಪಂಡಿತರು. ಒಬ್ಬ ಮಹಾಪಂಡಿತನು ಒಬ್ಬ ಮನೆಗೆಲಸದ ಹೆಣ್ಣುಮಗಳ ಮುಂದೆ ತಲೆಬಾಗಿದಂತಾಯಿತು. ಆಕೆಯಾದರೋ ಆ ಹಣವನ್ನು ತನಗಾಗಿ ಇಟ್ಟುಕೊಳ್ಳದೆ ಮಕ್ಕಳ ಕೆಲಸಕ್ಕೇ ಕೊಟ್ಟಳು. 1837ರಲ್ಲಿ ಆಕೆಯೂ ತೀರಿಹೋದಳು.

ಅದೇ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ, ಬೋಧಕರೊಬ್ಬರ ಮಗನಾದ ಫ್ರೀಡ್ರಿಕ್ ಫ್ರೋಬೆಲರು ಚಿಕ್ಕ ಮಕ್ಕಳಿಗೆ ಆಟದ ಶಾಲೆಯನ್ನು ತೆರೆದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಅದಕ್ಕೂ ಮೊದಲು, 1816ರಲ್ಲಿ, ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಎಂಬಲ್ಲಿ ರಾಬರ್ಟ್ ಓವೆನರು ತಮ್ಮ ನೂಲಿನ ಗಿರಣಿಯ ಕೂಲಿಯವರ ಮಕ್ಕಳಿಗೆ ಇಂಥದೇ ಶಾಲೆಯನ್ನು ಮಾಡಿದ್ದರು. ಇವರೆಲ್ಲರೂ ಓಬರ್ಲಿನರನ್ನು ನೋಡಿಯೇ ಕಲಿತರೆಂದು ನಾವು ಹೇಳುವದಿಲ್ಲ. ಆದರೆ ಆ ದಾರಿಯಲ್ಲಿ ಮೊದಲು ನಡೆದವರ ಹೆಜ್ಜೆಗಳಲ್ಲಿ ಕಲ್ಲುಕಣಿವೆಯ ಹೆಣ್ಣುಮಕ್ಕಳ ಹೆಜ್ಜೆಯೂ ಇದೆ. ನಮ್ಮ ದೇಶದಲ್ಲಿ ಅಂಗನವಾಡಿಗಳ ಯೋಜನೆಯು 1975ನೆಯ ಇಸವಿ ಅಕ್ಟೋಬರ್ 2ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆರಿಸಲ್ಪಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ವಾಲ್ಡರ್ಸ್‌ಬಾಖಿನಲ್ಲಿ ಓಬರ್ಲಿನರು ವಾಸವಾಗಿದ್ದ ಮನೆಯು ಈಗ ವಸ್ತುಸಂಗ್ರಹಶಾಲೆಯಾಗಿದೆ. ಒಣಗಿಸಿಟ್ಟ ಗಿಡಗಳನ್ನೂ ಮಕ್ಕಳ ಆಟದ ಸಾಮಾನುಗಳನ್ನೂ ಅಲ್ಲಿ ನೋಡಬಹುದು.

ಪ್ರಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಓಬರ್ಲಿನರ ಹಳ್ಳಿಗಳಲ್ಲಿ ಹಣವಿರಲಿಲ್ಲ, ದೊಡ್ಡ ಕಟ್ಟಡವಿರಲಿಲ್ಲ, ನಡಿಸುವವರು ಪರೀಕ್ಷೆಗಳನ್ನು ಗೆದ್ದವರಲ್ಲ. ಇದ್ದದ್ದು ಬೆಟ್ಟ, ಹೊಳೆ, ಹುಲ್ಲು, ಹೂವು, ಮಕ್ಕಳನ್ನು ಪ್ರೀತಿಸುವ ಒಂದಿಬ್ಬರು ಹೆಂಗಸರು. ಇವುಗಳಲ್ಲಿ ಯಾವದು ನಮ್ಮಲ್ಲಿಲ್ಲ? ನಂದಿಬೆಟ್ಟದ ಸುತ್ತಿನ ನಮ್ಮ ಹೊಲಗಳ ಬದುಗಳಲ್ಲಿ ಮಳೆಯಾದರೆ ಸಾಕು, ಬೆರಕೆಸೊಪ್ಪು ತಾನಾಗಿ ಎದ್ದುಬರುವದು. ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ, ತುಂಬೆ ಇವುಗಳನ್ನು ನಮ್ಮ ಅಜ್ಜಿಯರು ಕತ್ತಲೆಯಲ್ಲಿ ಮುಟ್ಟಿಯೂ ಹೇಳಬಲ್ಲರು. ಉಮ್ಮತ್ತಿಯ ಕಾಯೂ ಕಣಗಿಲೆಯೂ ವಿಷವೆಂಬದನ್ನೂ ಅವರು ಬಲ್ಲರು. ಆದರೆ ಮೊಮ್ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ಅಜ್ಜಿಯು ತೀರಿಹೋದ ದಿನ ಒಂದು ಪುಸ್ತಕಶಾಲೆಯೇ ಮಣ್ಣುಪಾಲಾಗುವದು.

ಆದಕಾರಣ ವಾರಕ್ಕೊಂದು ದಿನವಾದರೂ, ಬಿಸಿಲೇರುವದಕ್ಕೆ ಮೊದಲು, ಊರಿನ ಚಿಕ್ಕ ಮಕ್ಕಳನ್ನು ಕೆರೆಯ ಏರಿಗೋ ಹೊಂಗೆಯ ನೆರಳಿಗೋ ಕರೆದುಕೊಂಡು ಹೋಗಿರಿ. ನೀರಿನ ಹತ್ತಿರ ದೊಡ್ಡವರೊಬ್ಬರು ಕಣ್ಣಿಟ್ಟಿರಲಿ. ಹತ್ತು ಎಲೆಗಳನ್ನು ಆರಿಸಿ ಹೆಸರು ಹೇಳಿಸಿರಿ. ಕುಂಟೆಬಿಲ್ಲೆಯ ಮನೆಗಳನ್ನು ಎಣಿಸುವದರಲ್ಲಿಯೂ, ಹುಣಸೆಬೀಜಗಳನ್ನು ಸಮವಾಗಿ ಹಂಚಿಕೊಳ್ಳುವದರಲ್ಲಿಯೂ ಲೆಕ್ಕವು ತಾನಾಗಿ ಬರುವದು. ಸಭೆಯ ಪ್ರತಿ ಮಗುವೂ ಎರಡು ಸಸಿಗಳನ್ನು ನೆಟ್ಟು ನೀರೆರೆಯುವಂತೆ ಮಾಡಿರಿ. ಬೇವು, ನೇರಳೆ, ಹಲಸು, ಯಾವದಾದರೂ ಸರಿ.

ಲೂಯೀಸಳಂಥ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿಯೂ ಇದ್ದಾರೆ. ಪಾತ್ರೆ ತೊಳೆಯುತ್ತಾ, ಕಳೆ ಕೀಳುತ್ತಾ, ತಮ್ಮ ಕೈಲಾಗುವದು ಇಷ್ಟೇ ಎಂದುಕೊಂಡಿದ್ದಾರೆ. ಅವರನ್ನು ಗುರುತಿಸಿ ಕರೆಯುವದು ಸಭೆಯ ಹಿರಿಯರ ಕೆಲಸ. ಮಕ್ಕಳನ್ನು ತನ್ನ ಬಳಿಗೆ ಕರೆದು ಎತ್ತಿ ಅಪ್ಪಿಕೊಂಡ ಕರ್ತನು ಅದನ್ನು ಮಾಡಿದ್ದು ಬಯಲಿನಲ್ಲಿಯೂ ದಾರಿಯಲ್ಲಿಯೂ ನಡೆಯುತ್ತಿದ್ದ ದಿನಗಳಲ್ಲಿಯೇ ಎಂಬದನ್ನು ನಾವು ಮರೆಯದಿರೋಣ.